ಊರಿಗೆ ಊರು ಶಿಷ್ಯ

ಎರಡನೆಯ ಮಹಾಯುದ್ಧದ ನಡುವೆ, ಬಾಂಬು ಬಿದ್ದು ಹಾಳಾಗಿದ್ದ ಇಂಗ್ಲೆಂಡಿನ ಕೊವೆಂಟ್ರಿಯ 800ಕ್ಕೂ ಹೆಚ್ಚು ಹೆಣ್ಣುಮಕ್ಕಳ ಹೆಸರುಗಳನ್ನು ಮೇಜಿನ ಹಾಸೊಂದರ ಮೇಲೆ ದಾರದಲ್ಲಿ ಹೊಲಿದು ರಷ್ಯಾದ ಸ್ಟಾಲಿನ್‌ಗ್ರಾಡಿಗೆ ಕಳಿಸಲಾಯಿತು. ಕಸೂತಿ ಬಲ್ಲ ಧಾರವಾಡ ಸೀಮೆಯವರಿಗೆ ಅದರ ಹಿಂದಿನ ಶ್ರಮವನ್ನು ಬಿಡಿಸಿ ಹೇಳಬೇಕಿಲ್ಲ. 1944ರಲ್ಲಿ ಆ ಎರಡೂ ಸೋದರಿ ನಗರಗಳಾದವು. 1950ರಲ್ಲಿ ಫ್ರಾನ್ಸಿನ ಮಾಂಬೆಲಿಯಾರ್ ಮತ್ತು ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ನಂಟು ಬೆಳೆಸಿದವು. ಅದಕ್ಕೆ ಐದು ವರ್ಷ ಹಿಂದೆ ಅವು ಶತ್ರು ದೇಶಗಳ ಊರುಗಳು.

ನಮ್ಮಲ್ಲೂ ಬೆಂಗಳೂರಿಗೆ ಸ್ಯಾನ್ ಫ್ರಾನ್ಸಿಸ್ಕೊ, ಮೈಸೂರಿಗೆ ಸಿನ್ಸಿನಾಟಿ ಸೋದರಿ ನಗರ. ಆದರೆ ಮೇಯರುಗಳು ಸಹಿ ಹಾಕಿ, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡಷ್ಟಕ್ಕೆ ಊರುಗಳು ಹತ್ತಿರವಾಗುವುದಿಲ್ಲ. ಒಂದೂರಿನವರು ಇನ್ನೊಂದೂರಿನವರ ಮುಂದೆ ಕಲಿಯಲು ಕೂತಾಗ ಆಗುತ್ತವೆ. ಧಾರವಾಡ ಸೀಮೆ ಇದನ್ನು ಯಾವ ಒಪ್ಪಂದದ ಕಾಗದವೂ ಇಲ್ಲದೆ ಮಾಡಿ ತೋರಿಸಿದೆ.

ಉತ್ತರ ಪ್ರದೇಶದ ಕೈರಾನಾದಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಇಂದಿನ ಮಹಾರಾಷ್ಟ್ರದ ಮಿರಜಿನಲ್ಲಿ. ಮೈಸೂರು ಆಸ್ಥಾನಕ್ಕೆ ಹೋಗಿಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರ ಬಳಿ ಪಾಠಕ್ಕೆಂದು ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತುತ್ತಿದ್ದರು. ಅಲ್ಲಿಯೇ ಕಲಿತ ಗದಗಿನ ಭೀಮಸೇನ ಜೋಶಿ, ಗುರುವಿನ ನೆನಪಿಗೆ 1953ರಲ್ಲಿ ಸಂಗೀತೋತ್ಸವ ಆರಂಭಿಸಿದ್ದು ಪುಣೆಯಲ್ಲಿ. ಧಾರವಾಡದ ಮಗ್ಗುಲಿನ ಮನಸೂರಿನ ಮಲ್ಲಿಕಾರ್ಜುನರು ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿ, ಬಳಿಕ ಕೊಲ್ಹಾಪುರದ ಆಸ್ಥಾನ ಗಾಯಕ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಲ್ಲಿ ಕಲಿತರು. ಲಿಂಗಾಯತ ಮನೆಯ ಹುಡುಗ, ಮುಸಲ್ಮಾನ ಗುರು, ಮರಾಠಿ ಊರು! 1956ರಲ್ಲಿ ರಾಜ್ಯಗಳು ಬೇರೆಯಾದವು, ಬೆಳಗಾವಿ ಯಾರದೆಂಬ ಕರ್ನಾಟಕ, ಮಹಾರಾಷ್ಟ್ರಗಳ ತಕರಾರು ಇಂದಿಗೂ ಮುಗಿದಿಲ್ಲ. ಗಲಾಟೆಯಾದಾಗ ಬಸ್ಸುಗಳು ಗಡಿಯಲ್ಲೇ ನಿಲ್ಲುತ್ತವೆ. ಮನಸೂರರ ಜೈಪುರ ಘರಾಣೆಯ ಗಾಯನವನ್ನು ಮಾತ್ರ ಎರಡೂ ಕಡೆಯವರು ನಮ್ಮದೆನ್ನುತ್ತಾರೆ. ಅದರಿಂದ ಗಡಿ ತಕರಾರು ಬಗೆಹರಿಯಲಿಲ್ಲ, ನಿಜ. ಆದರೆ ಗುರುವಿನ ಊರನ್ನು ದ್ವೇಷಿಸುವುದು ಶಿಷ್ಯನಿಗೆ ಸುಲಭವಲ್ಲ.

ಕಡಲಾಚೆಯ ನಂಟಿನ ಉದಾಹರಣೆಯೂ ಧಾರವಾಡದ ಕೆಲಗೇರಿಗೆ ದೂರದ್ದಲ್ಲ. ಪಶ್ಚಿಮಕ್ಕೆ ಕಾಡಿನ ಸೆರಗಿನಲ್ಲಿರುವ ಕಲಕೇರಿಯಲ್ಲಿ, ಕೆನಡಾದ ಕ್ವಿಬೆಕ್‌ನಿಂದ ಬಂದ ಮತ್ಯೂ ಫೋರ್ತಿಯೇ ಮತ್ತು ಸಂಗಡಿಗರು 2002ರಲ್ಲಿ ಕಲಕೇರಿ ಸಂಗೀತ ವಿದ್ಯಾಲಯ ತೆರೆದರು. ಬಡ ಮನೆಗಳ ಮಕ್ಕಳಿಗೆ ಊಟ, ವಸತಿ, ಶಾಲೆ, ಸಂಗೀತ ಎಲ್ಲವೂ ಉಚಿತ. ದಾನ ಕೊಟ್ಟವನ ಕೈ ಯಾವಾಗಲೂ ಮೇಲೆ ಎಂಬ ಮಾತು ಇಂಥ ಕಡೆ ನೆನಪಾಗುವುದು ಸಹಜ. ಇಲ್ಲಿ ಎರಡು ಸಂಗತಿ ಆ ಅನುಮಾನವನ್ನು ತಗ್ಗಿಸುತ್ತವೆ. ಹೊರಗಿನವರು ತಮ್ಮ ಸಂಗೀತ ತಂದು ಹೇರಲಿಲ್ಲ. ಮಕ್ಕಳು ಕಲಿಯುವುದು ಈ ನೆಲದ ಹಿಂದೂಸ್ತಾನಿಯನ್ನೇ. ಅದೇ ಬಳಗ ಕ್ವಿಬೆಕ್ ನಗರ, ಮಾಂಟ್ರಿಯಲ್‌ಗಳ ಬಡ ಬಡಾವಣೆಗಳ ಮಕ್ಕಳಿಗೂ ಸಂಗೀತ ಶಾಲೆಗಳನ್ನು ನಡೆಸುತ್ತದೆ. ಅಂದರೆ ಕೊರತೆ ಇರುವುದು ಧಾರವಾಡದಲ್ಲಷ್ಟೇ ಎಂದು ಅವರು ತಿಳಿದಿಲ್ಲ.

ಧಾರವಾಡದವರಿಗೆ ಸೋದರಿ ನಗರ ಬೇಕೆನಿಸಿದರೆ, ಕಡಲಾಚೆ ಹುಡುಕುವ ಮೊದಲು ಮಿರಜಿಗೊಂದು ಪತ್ರ ಬರೆಯಲಿ. ಕೆಲಗೇರಿಯ ಶಾಲೆಯ ಮಕ್ಕಳು ಅಲ್ಲಿಯ ಸಿತಾರು ಮಾಡುವವರ ಓಣಿಯಲ್ಲಿ ಎರಡು ದಿನ ಇದ್ದು, ಸೋರೆ ಬುರುಡೆ ವಾದ್ಯವಾಗುವುದನ್ನು ನೋಡಿ ಬರಲಿ. ಮರುವರ್ಷ ಮಿರಜಿನ ಮಕ್ಕಳು ಇಲ್ಲಿಗೆ ಬಂದು ಕಸೂತಿ ಕಲಿತು ಹೋಗಲಿ.