ಹಳೆ ಕಾರಿನ ನಿಜ ಬೆಲೆ ಎಷ್ಟು?

ಕೊಳ್ಳುವ ಮೊದಲು ಅರ್ಧ ಗಂಟೆ ಲೆಕ್ಕ ಹಾಕಿ, ಅರ್ಧ ಲಕ್ಷ ಉಳಿಸಿ

2021ರಲ್ಲಿ ನಾನೊಂದು ಹಳೆ ವ್ಯಾನು ಕೊಂಡೆ. ಹೊಳೆಯುವ ಪೇಂಟು, ಹೊಸ ಸೀಟ್ ಕವರು. ಹೇಳಿದ ಬೆಲೆ 1,80,000. ಚೌಕಾಸಿ ಮಾಡಿ 1,65,000ಕ್ಕೆ ಇಳಿಸಿದೆ. ಗೆದ್ದೆ ಎಂಬ ಖುಷಿ! ಆ ವರ್ಷದ ಚಾಲಿ ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಯಿತು.

ಜೂನ್ ತಿಂಗಳ ಮೊದಲ ಮಳೆಗೆ ಕಾಲ ಕೆಳಗಿನ ಮ್ಯಾಟು ಒದ್ದೆ. ಗ್ಯಾರೇಜಿನ ಹುಡುಗ ಜ್ಯಾಕ್ ಕೊಟ್ಟು ಎತ್ತಿದರೆ ಗಾಡಿ ಮೇಲೇಳಲಿಲ್ಲ, ಜ್ಯಾಕೇ ಒಳಗೆ ಹೋಯಿತು. “ಅಣ್ಣಾ, ಇದಕ್ಕೆ ತಳವೇ ಇಲ್ಲ. ತಗಡು ಬಡಿದು ಮೇಲಿಂದ ಕರಿ ಪೇಂಟ್ ಬಳಿದಿದ್ದಾರೆ” ಎಂದ.

ಆಮೇಲಿನ ಖರ್ಚು ಕೇಳಿ. ಟಿಂಕರಿಂಗ್, ಪೇಂಟು 28,000. ನಾಲ್ಕು ಟಯರು 14,000. ಕ್ಲಚ್ಚು 7,500. ಬ್ಯಾಟರಿ 4,500. ಇನ್ಶೂರೆನ್ಸ್ ಮತ್ತು ಹೆಸರು ಬದಲಾವಣೆ 11,000. ಒಟ್ಟು 65,000. ಅಂದರೆ ವ್ಯಾನು ನನಗೆ ಬಿದ್ದದ್ದು 2,30,000ಕ್ಕೆ. ಅದೇ ವಾರ ನಮ್ಮ ಊರಿನವರೇ ಒಬ್ಬರು ಅದೇ ವರ್ಷದ, ಅದೇ ಮಾದರಿಯ ವ್ಯಾನನ್ನು 2,05,000ಕ್ಕೆ ಕೊಡುತ್ತೇನೆಂದಿದ್ದರು. ಟಯರು ಹೊಸತು, ತಳ ಗಟ್ಟಿ, ಎಂಟು ತಿಂಗಳ ಇನ್ಶೂರೆನ್ಸ್ ಬಾಕಿ. ‘ದುಬಾರಿ’ ಎಂದು ಬಿಟ್ಟಿದ್ದೆ!

ದುಬಾರಿ ಯಾವುದು, ಅಗ್ಗ ಯಾವುದು ಎಂದು ಆಗ ನನಗೆ ಗೊತ್ತಿರಲಿಲ್ಲ. ಆ ಪೆಟ್ಟಿನ ನಂತರ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬೆಲೆ ಒಂದಲ್ಲ, ಮೂರು

ಹಳೆ ಗಾಡಿಗೆ ಮೂರು ಬೆಲೆ ಇರುತ್ತದೆ. ಮೊದಲನೆಯದು ಮಾರುವವರು ಹೇಳುವ ಬೆಲೆ. ಎರಡನೆಯದು ಅಂಥ ಗಾಡಿಗಳು ನಿಜಕ್ಕೂ ಕೈಬದಲಾಗುವ ಬೆಲೆ. ಮೂರನೆಯದು, ಈ ಒಂದು ಗಾಡಿ ನಿಮ್ಮ ಅಂಗಳದಲ್ಲಿ ದುಡಿಯಲು ತಯಾರಾಗಿ ನಿಲ್ಲುವಾಗ ತಗಲುವ ಬೆಲೆ. ನಾವು ಚರ್ಚೆ ಮಾಡುವುದು ಮೊದಲನೆಯದರ ಬಗ್ಗೆ. ಕಿಸೆಯಿಂದ ಹೋಗುವುದು ಮೂರನೆಯದು.

“ನಾನು ಏಳು ಲಕ್ಷ ಕೊಟ್ಟು ತಂದದ್ದು ಮಾರಾಯ್ರೇ” ಎಂದು ಮಾರುವವರು ಹೇಳುತ್ತಾರೆ. ಆ ಮಾತು ಲೆಕ್ಕಕ್ಕೆ ಬರುವುದಿಲ್ಲ. ನೋಡಬೇಕಾದ್ದು ಅದೇ ಗಾಡಿ ಇಂದು ಹೊಸತು ಎಷ್ಟಕ್ಕೆ ಸಿಗುತ್ತದೆ ಎಂದು. ಒಂದು ಉದಾಹರಣೆ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿಯಿತು. ಸಣ್ಣ ಪೆಟ್ರೋಲ್ ಕಾರಿಗೆ ಮೊದಲು ಶೇಕಡಾ 1 ಸೆಸ್ ಕೂಡ ಇತ್ತು. ತೆರಿಗೆಗೆ ಮುಂಚೆ 5 ಲಕ್ಷದ ಕಾರು ಮೊದಲು 6,45,000 ಆಗುತ್ತಿದ್ದದ್ದು ಈಗ 5,90,000. ಹೊಸತೇ 55,000 ಇಳಿದ ಮೇಲೆ ಹಳೆಯದು ಇಳಿಯಲೇಬೇಕಲ್ಲ? ಹಳೆ ಬಿಲ್ಲು ಹಿಡಿದು ಕೂತವರಿಗೆ ಇದನ್ನು ನೆನಪಿಸಿ.

ಇನ್ನೊಂದು ಅಳತೆಗೋಲು ಇನ್ಶೂರೆನ್ಸ್ ಪಾಲಿಸಿಯಲ್ಲೇ ಇದೆ. ಅದರಲ್ಲಿ ‘ಐಡಿವಿ’ ಎಂದು ಒಂದು ಮೊತ್ತ ಬರೆದಿರುತ್ತದೆ. ಗಾಡಿ ಪೂರಾ ಹಾಳಾದರೆ ಅಥವಾ ಕಳವಾದರೆ ಕಂಪೆನಿ ಒಪ್ಪಿಕೊಂಡ ಬೆಲೆ ಅದು. ಆ ಮಾದರಿಯ ಹೊಸ ಗಾಡಿಯ ಬೆಲೆಯಲ್ಲಿ ಸವಕಳಿ ಕಳೆದು ಇದನ್ನು ತೆಗೆಯುತ್ತಾರೆ. ಆರು ತಿಂಗಳವರೆಗೆ ಶೇಕಡಾ 5, ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50. ಐದು ವರ್ಷ ದಾಟಿದರೆ ಕಂಪೆನಿ ಮತ್ತು ಮಾಲಕ ಮಾತಾಡಿಕೊಂಡು ನಿಗದಿ ಮಾಡುವುದು. ಮಾರುಕಟ್ಟೆ ಬೆಲೆ ಇದಕ್ಕಿಂತ ಹೆಚ್ಚೂ ಇರಬಹುದು, ಕಡಮೆಯೂ ಇರಬಹುದು. ಆದರೆ ಮಾತು ಶುರು ಮಾಡಲು ಒಂದು ಆಧಾರ ಸಿಕ್ಕಿತಲ್ಲ?

ನಂತರ ಅದೇ ಮಾದರಿ, ಅದೇ ವರ್ಷದ ನಾಲ್ಕೈದು ಗಾಡಿ ವಿಚಾರಿಸಿ. ಹೇಳಿದ ಬೆಲೆ ಸಾಲದು, ‘ಕೊನೆಗೆ ಎಷ್ಟಕ್ಕೆ ಹೋಯಿತು’ ಎಂದು ಕೇಳಿ. ಈ ಎರಡರ ನಡುವೆ ದೊಡ್ಡ ಅಂತರ ಇರುತ್ತದೆ.

ಕಳೆಯುವ ಲೆಕ್ಕ

ಈಗ ಒಂದು ಚೀಟಿ ತೆಗೆದುಕೊಳ್ಳಿ. ಮೇಲೆ ಮಾರುಕಟ್ಟೆ ಬೆಲೆ ಬರೆಯಿರಿ. ಕೆಳಗೆ ಕಳೆಯುತ್ತಾ ಹೋಗಿ.

ತುಕ್ಕು: ನಮ್ಮ ಕರಾವಳಿ, ಮಲೆನಾಡಿನಲ್ಲಿ ಮೊದಲು ನೋಡಬೇಕಾದ್ದು ಇಂಜಿನ್ನಲ್ಲ, ತಳ. ಉಪ್ಪುಗಾಳಿ, ಆರು ತಿಂಗಳ ಮಳೆ, ಸಾಲದ್ದಕ್ಕೆ ನಾವೇ ಹೇರುವ ಗೊಬ್ಬರ. ರಸಗೊಬ್ಬರದ ಚೀಲ ಒಡೆದು ಚೆಲ್ಲಿದ ಜಾಗದಲ್ಲಿ ತಗಡು ಬೇಗ ತಿಂದು ಹೋಗುತ್ತದೆ. ಮ್ಯಾಟು ಎತ್ತಿಸಿ. ಬಾಗಿಲಿನ ಅಡಿ, ಜ್ಯಾಕ್ ಕೊಡುವ ಜಾಗ, ಬ್ಯಾಟರಿಯ ಕೆಳಗೆ, ಸ್ಟೆಪ್ನಿ ಇಡುವ ಗುಂಡಿ, ಬೋನೆಟ್ಟಿನೊಳಗೆ ಸಸ್ಪೆನ್ಶನ್ ಬಂದು ಕೂರುವ ಭಾಗ ಇವನ್ನೆಲ್ಲ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡಿನ ಶಬ್ದ ಬೇರೆ, ಟೊಳ್ಳಿನ ಶಬ್ದ ಬೇರೆ. ತೆಂಗಿನಕಾಯಿ ತಟ್ಟಿ ನೋಡುವ ನಮಗೆ ಇದನ್ನು ಹೇಳಿಕೊಡಬೇಕೆ? ಹಾಳಾದ ರೇಡಿಯೋದ ಸ್ಪೀಕರಿನಲ್ಲಿರುವ ಅಯಸ್ಕಾಂತ ಇದ್ದರೆ ಬಟ್ಟೆ ಸುತ್ತಿ ಬಾಡಿಯ ಮೇಲೆ ಆಡಿಸಿ. ಪುಟ್ಟಿ ದಪ್ಪ ಹಚ್ಚಿದಲ್ಲಿ ಅದು ಹಿಡಿಯುವುದಿಲ್ಲ. (ಬಂಪರು ಪ್ಲಾಸ್ಟಿಕ್, ಅಲ್ಲಿ ನೋಡಿ ಗಾಬರಿಯಾಗಬೇಡಿ.)

ಮೇಲ್ಮೈಯ ತುಕ್ಕಿಗೆ ಟಿಂಕರಿಂಗ್ ಖರ್ಚು ಕಳೆಯಿರಿ. ಸಸ್ಪೆನ್ಶನ್ ಕೂರುವ ಭಾಗ ತಿಂದಿದ್ದರೆ ಲೆಕ್ಕ ಬೇಡ, ಗಾಡಿಯೇ ಬೇಡ.

ನೆರೆ ನೀರು: ನೆರೆಯಲ್ಲಿ ಮುಳುಗಿದ ಗಾಡಿಗಳು ತೊಳೆದು ಒರೆಸಿಕೊಂಡು ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆಯಿರಿ. ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅನುಮಾನ ಪಡಿ. ಸೀಟಿನಡಿಯ ಬೋಲ್ಟಿನ ತುಕ್ಕು, ಮಗ್ಗಿದ ವಾಸನೆ ಕೂಡ ಇದನ್ನೇ ಹೇಳುತ್ತವೆ.

ಟಯರು: ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಇರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹಲ್ಲು ಉಳಿದಿದ್ದರೂ ರಬ್ಬರು ಹಳತಾಗಿ ಬಿರುಕು ಬಿಟ್ಟಿದ್ದರೆ ನಾಲ್ಕೂ ಟಯರಿನ ಬೆಲೆ ಕಳೆಯಿರಿ.

ಇಂಜಿನ್: ಬೆಳಗ್ಗೆ ಬೇಗ ಹೋಗಿ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ. ನೀವು ಹೋಗುವಾಗಲೇ ಇಂಜಿನ್ ಬಿಸಿಯಾಗಿದ್ದರೆ ಏನನ್ನೋ ಮುಚ್ಚಿಡುತ್ತಿರಬಹುದು. ನೀಲಿ ಹೊಗೆ ಎಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದರೆ ರೇಡಿಯೇಟರ್ ನೀರು ಒಳಗೆ ಹೋಗುತ್ತಿರಬಹುದು. ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೂ ಇದೇ ರೋಗ. ಇವು ಸಣ್ಣ ಖರ್ಚಲ್ಲ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಾದರೆ ಅದನ್ನು ಯಾವಾಗ ಬದಲಿಸಿದ್ದೆಂದು ಕೇಳಿ. ದಾಖಲೆ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಹಿಡಿದು ಖರ್ಚು ಸೇರಿಸಿ. ಓಡುವಾಗ ಬೆಲ್ಟ್ ತುಂಡಾದರೆ ಕೆಲವು ಇಂಜಿನ್‌ಗಳ ವಾಲ್ವೇ ಬಾಗುತ್ತದೆ.

ಕ್ಲಚ್ಚು: ಸಮತಟ್ಟು ರಸ್ತೆಯಲ್ಲಿ ಓಡಿಸಿ ಪ್ರಯೋಜನವಿಲ್ಲ. ಒಂದು ಒಳ್ಳೆ ಏರು ಹತ್ತಿಸಿ. ಇಂಜಿನ್ ಶಬ್ದ ಏರಿ ವೇಗ ಏರದಿದ್ದರೆ ಕ್ಲಚ್ಚು ಸವೆದಿದೆ.

ಕಿಲೋಮೀಟರು: ಮೀಟರಿನ ಅಂಕಿ ತಿದ್ದುವುದು ಕಷ್ಟದ ಕೆಲಸವಲ್ಲ. ಪೆಡಲಿನ ರಬ್ಬರು, ಸ್ಟೇರಿಂಗು, ಗೇರಿನ ಗುಬಟು ಸುಳ್ಳು ಹೇಳುವುದಿಲ್ಲ. 40,000 ಓಡಿದ ಗಾಡಿಯ ಪೆಡಲು ಹೊಳೆಯುವಷ್ಟು ಸವೆಯುವುದಿಲ್ಲ. ಸರ್ವಿಸ್ ಬಿಲ್ಲುಗಳಲ್ಲಿ ಕಿಲೋಮೀಟರ್ ಬರೆದಿರುತ್ತದೆ, ತಾಳೆ ಹಾಕಿ.

ಇಷ್ಟೆಲ್ಲ ನಮಗೆ ತಿಳಿಯದು ಎನ್ನುವವರು ನಂಬಿಕೆಯ ಮೆಕ್ಯಾನಿಕ್‌ನನ್ನು ಅರ್ಧ ದಿನ ಕರೆದುಕೊಂಡು ಹೋಗಿ. ಅವನ ಸಂಬಳ ಅತಿ ಅಗ್ಗದ ಇನ್ಶೂರೆನ್ಸ್! ಆದರೆ ಬ್ರೋಕರ್ ಕರೆತರುವ ಮೆಕ್ಯಾನಿಕ್ ಬೇಡ.

ಕಾಗದಪತ್ರಕ್ಕೂ ಬೆಲೆಯಿದೆ

ಆರ್‌ಸಿಯಲ್ಲಿರುವ ಚಾಸಿಸ್ ಮತ್ತು ಇಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ಸರಿಹೋಗಬೇಕು. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವವರೆಗೆ ಪೂರಾ ಹಣ ಕೊಡಬೇಡಿ. ಬಾಕಿ ದಂಡ ಎಷ್ಟಿದೆ ಎಂದು ನೋಡಿಸಿ. ಅದನ್ನೂ ಚೀಟಿಯಲ್ಲಿ ಕಳೆಯಿರಿ.

ಗಾಡಿಯ ವಯಸ್ಸು ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ಪಾಸು ಮಾಡಿಸಲು ಬೇಕಾಗುವ ರಿಪೇರಿ ಬೇರೆ. ಆದ್ದರಿಂದ 14 ವರ್ಷದ ಗಾಡಿ ಅಗ್ಗವಾಗಿ ಸಿಕ್ಕಿದರೆ ಹಿಗ್ಗಬೇಡಿ, ಈ ಖರ್ಚೂ ಸೇರಿಸಿ.

ಹೊರರಾಜ್ಯದ ಗಾಡಿ ಅಗ್ಗ ಕಾಣುತ್ತದೆ. 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿಯ ನೋಂದಣಿ ಬೇಕು. ಅಲ್ಲಿಯ ಎನ್‌ಒಸಿ, ಇಲ್ಲಿಯ ಜೀವಿತಾವಧಿ ತೆರಿಗೆ ಎರಡೂ ನಿಮ್ಮ ತಲೆಗೆ. ತೆರಿಗೆ ಎಷ್ಟೆಂದು ಆರ್‌ಟಿಓದಲ್ಲಿ ಕೇಳಿಯೇ ಮುಂದುವರಿಯಿರಿ.

ಪಾಲಿಸಿಯಲ್ಲಿ ಇನ್ನೊಂದು ಗುಟ್ಟಿದೆ. ಕ್ಲೇಮು ಮಾಡದವರಿಗೆ ಕೊಡುವ ‘ನೋ ಕ್ಲೇಮ್ ಬೋನಸ್’ ಒಂದು ವರ್ಷಕ್ಕೆ ಶೇಕಡಾ 20ರಿಂದ ಶುರುವಾಗಿ 25, 35, 45 ಆಗಿ ಐದು ವರ್ಷಕ್ಕೆ 50 ಆಗುತ್ತದೆ. ಒಬ್ಬರೇ ಆರು ವರ್ಷ ಇಟ್ಟುಕೊಂಡ ಗಾಡಿಯ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ ‘ಏನಾಗಿತ್ತು?’ ಎಂದು ಕೇಳಲೇಬೇಕು. ನೆನಪಿಡಿ, ಈ ಬೋನಸ್ ಮಾಲಕರದ್ದು, ಗಾಡಿಯದ್ದಲ್ಲ. ನಿಮ್ಮ ಹೆಸರಿಗೆ ಬಂದಾಗ ಪ್ರೀಮಿಯಂ ಏರುತ್ತದೆ.

ಮಾರುವವರಿಗೂ ಒಂದು ಕಿವಿಮಾತು

ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟು ಮರೆತುಬಿಡಬೇಡಿ. ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ನೀವೇ ಆರ್‌ಟಿಓಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ. ಹೆಸರು ಬದಲಾಗದೆ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಮೂರು ನಾಲ್ಕು ಕೈ ದಾಟಿತ್ತು. ಆದರೂ ಮೊದಲಿನವರೇ ಹೊಣೆಯಾದರು. ಒಂದು ಎಕರೆ ತೋಟ ಇರುವವರಿಗೆ ಹೀಗಾದರೆ? ಆರ್‌ಸಿಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ನೋಡುವವರೆಗೆ ಮಾರಾಟ ಮುಗಿಯಲಿಲ್ಲ ಎಂದೇ ತಿಳಿಯಿರಿ.

ಕೊನೆಯ ಲೆಕ್ಕ: ಕಿಲೋಮೀಟರಿಗೆ ಎಷ್ಟು?

ಎಲ್ಲ ಸರಿಯಾಗಿರುವ ಗಾಡಿಯೂ ನಿಮಗೆ ಬೆಲೆಬಾಳುತ್ತದೆಯೇ? ಅದು ಎಷ್ಟು ಓಡುತ್ತದೆ ಎಂಬುದರ ಮೇಲಿದೆ.

2024ರಲ್ಲಿ ನಾನು ಎರಡನೇ ಬಾರಿ ಕೊಳ್ಳುವಾಗ ಹಾಕಿದ ಲೆಕ್ಕ ಇದು. ಏಳು ವರ್ಷದ ಕಾರು, ಹೇಳಿದ ಬೆಲೆ 3,00,000. ವಿಚಾರಿಸಿದಾಗ ಅಂಥವು 2,85,000ಕ್ಕೆ ಹೋಗುತ್ತಿದ್ದವು. ಟಯರು 16,000, ಬ್ಯಾಟರಿ 5,000, ಬಾಗಿಲಿನಡಿಯ ತುಕ್ಕಿಗೆ 9,000. ಕಳೆದರೆ 2,55,000. ಚೀಟಿಯನ್ನು ಮಾಲಕರ ಮುಂದಿಟ್ಟೆ. “ಚೌಕಾಸಿ ಅಲ್ಲಣ್ಣಾ, ಖರ್ಚಿನ ಪಟ್ಟಿ” ಎಂದೆ. ಅವರು ಒಂದೊಂದೇ ಓದಿದರು. ತುಕ್ಕಿಗೆ ಅಷ್ಟಾಗದು ಎಂದರು. 2,58,000ಕ್ಕೆ ಮುಗಿಯಿತು. ಜಗಳ ಇಲ್ಲ, ಬೇಸರ ಇಲ್ಲ.

ರಿಪೇರಿ ಸೇರಿ ನನಗೆ ಬಿದ್ದದ್ದು 2,88,000. ಆರು ವರ್ಷ ಇಟ್ಟುಕೊಂಡು 90,000ಕ್ಕೆ ಮಾರಿದೆ ಎಂದಿಟ್ಟುಕೊಳ್ಳಿ. ಸವೆದದ್ದು 1,98,000. ವರ್ಷಕ್ಕೆ 33,000. ಇನ್ಶೂರೆನ್ಸ್, ಸರ್ವಿಸ್, ಸಣ್ಣಪುಟ್ಟ ರಿಪೇರಿ ವರ್ಷಕ್ಕೆ 22,000. ಒಟ್ಟು 55,000. ವರ್ಷಕ್ಕೆ 5,000 ಕಿಲೋಮೀಟರ್ ಓಡಿದರೆ, ಪೆಟ್ರೋಲ್ ಬಿಟ್ಟೇ, ಕಿಲೋಮೀಟರಿಗೆ 11 ರೂಪಾಯಿ. ಲೀಟರಿಗೆ ನೂರು ರೂಪಾಯಿ, 16 ಕಿಲೋಮೀಟರ್ ಎಂದು ಹಿಡಿದರೆ ಪೆಟ್ರೋಲಿಗೆ ಇನ್ನೂ ಆರೂಕಾಲು. ಹದಿನೇಳಕ್ಕೆ ಬಂತು. ಬರೇ 2,000 ಓಡಿದರೆ? ಮೂವತ್ತಮೂರು ದಾಟುತ್ತದೆ!

ನಿಮ್ಮೂರಿನ ರಿಕ್ಷಾ, ಜೀಪಿನ ಬಾಡಿಗೆ ಜತೆ ಇದನ್ನು ಹೋಲಿಸಿ. ತಿಂಗಳಿಗೆ ಎರಡು ಬಾರಿ ಪೇಟೆಗೆ ಹೋಗುವವರಿಗೆ ಬಾಡಿಗೆಯೇ ಲಾಭ. ಹಾಗೆಂದು ಎಲ್ಲವೂ ರೂಪಾಯಿಯಲ್ಲಿ ಮುಗಿಯುವುದಿಲ್ಲ. ಮಧ್ಯರಾತ್ರಿ ಅಪ್ಪಯ್ಯನಿಗೆ ಉಸಿರಾಟ ಕಷ್ಟವಾದಾಗ ಅಂಗಳದಲ್ಲಿ ಗಾಡಿ ಇದ್ದದ್ದಕ್ಕೆ ನಾನು ಬೆಲೆ ಕಟ್ಟಲಾರೆ. ಆದರೆ ಆ ಧೈರ್ಯಕ್ಕೆ ವರ್ಷಕ್ಕೆ ಎಷ್ಟು ಕೊಡುತ್ತಿದ್ದೇನೆಂದು ಗೊತ್ತಿರುವುದು ಒಳ್ಳೆಯದು.

ಅಡಿಕೆ ಸುಲಿದು, ಹೋಳು ಮಾಡಿ ನೋಡಿ ಬೆಲೆ ಕಟ್ಟುವವರು ನಾವು. ವ್ಯಾಪಾರಿ ಐದು ರೂಪಾಯಿ ಕಡಮೆ ಹೇಳಿದರೆ ಚೀಲ ವಾಪಸು ತರುತ್ತೇವೆ. ಲಕ್ಷಗಟ್ಟಲೆಯ ಗಾಡಿಯನ್ನು ಮಾತ್ರ ಪೇಂಟು ನೋಡಿ ಕೊಳ್ಳುವುದೇಕೆ?

ಹಳೆ ಗಾಡಿ ಕೊಂಡು ಗೆದ್ದವರು, ಸೋತವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಿಮ್ಮ ಅನುಭವವನ್ನೂ ಬರೆಯುತ್ತೀರಾ?