ದೀರ್ಘಾಯುಷ್ಯದ ಉದ್ದಿಮೆಗೆ ತಾಳ್ಮೆಯೇ ಮೂಲ ಬಂಡವಾಳ

ಉಪನಗರದ ನಮ್ಮ ಸಂಘದ ಆರೋಗ್ಯ ತಪಾಸಣಾ ಶಿಬಿರದಲ್ಲಿ ರಕ್ತ ಪರೀಕ್ಷೆಯ ಸರದಿಗೆ ಕುಳಿತಿದ್ದಾಗ ಪಕ್ಕದಲ್ಲಿದ್ದ ಹಿರಿಯ ಹೋಟೆಲ್ ಉದ್ಯಮಿಯೊಬ್ಬರು ಮೊಬೈಲ್ ತೋರಿಸಿದರು. ಮುಪ್ಪನ್ನು ಮುಂದೂಡುವ ಔಷಧ ತಯಾರಿಸುವ ಕಂಪನಿಯಂತೆ. ಪೇಟೆಗೆ ಬರುವ ಮೊದಲೇ ಷೇರು ಕೊಂಡರೆ ಎರಡು ವರ್ಷದಲ್ಲಿ ನಾಲ್ಕು ಪಟ್ಟು ಖಾತ್ರಿಯಂತೆ. "ನೀವು ಬ್ಯಾಂಕಿನವರು, ಹಾಕಬಹುದಾ ಹೇಳಿ ಮಾರಾಯ್ರೆ" ಎಂದರು. ಅಷ್ಟರಲ್ಲಿ ಅವರ ಹೆಸರು ಕೂಗಿದರು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೈವಿಕ ತಂತ್ರಜ್ಞಾನದ ಕಂಪನಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನ ಬಯೋಕಾನ್‌ಗಿಂತ ಒಳ್ಳೆಯ ಪಾಠವಿಲ್ಲ. ಕಿರಣ್ ಮಜುಂದಾರ್ ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದರೂ ಹೆಣ್ಣೆಂಬ ಕಾರಣಕ್ಕೆ ಇಲ್ಲಿ ಆ ಕೆಲಸ ಸಿಗಲಿಲ್ಲ. 1978ರಲ್ಲಿ, 25ನೆಯ ವಯಸ್ಸಿನಲ್ಲಿ, 10,000 ರೂಪಾಯಿ ಬಂಡವಾಳದೊಂದಿಗೆ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಕಂಪನಿ ಆರಂಭಿಸಿದರು. ಮೊದಲ ಸರಕು ಪಪ್ಪಾಯಿಯಿಂದ ತೆಗೆದ ಕಿಣ್ವ ಮತ್ತು ಬಿಯರ್ ತಿಳಿಗೊಳಿಸಲು ಬಳಸುವ ಮೀನಿನ ಗಾಳಿಚೀಲದ ವಸ್ತು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು. ನಮ್ಮ ವೃತ್ತಿಯವರ ಈ ಅಳುಕನ್ನು ಒಪ್ಪಿಕೊಳ್ಳಲೇಬೇಕು. ಅಡವಿಡಲು ಆಸ್ತಿಯಿಲ್ಲದ ಹುಡುಗಿ, ಯಾರೂ ಕೇಳದ ಉದ್ದಿಮೆ! ಮುಂದೆ 1980ರ ದಶಕದಲ್ಲಿ ಸಾಹಸ ಬಂಡವಾಳದ ನೆರವು ಕೊಡಿಸಿದವರು ಮುಂಬಯಿಯ ಐಸಿಐಸಿಐಯ ಎನ್. ವಾಘುಲ್.

ಈ ಕಂಪನಿ ಯೀಸ್ಟ್ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ 'ಇನ್ಸುಜೆನ್' ಪೇಟೆಗೆ ಬಂದದ್ದು 2004ರಲ್ಲಿ. ಗ್ಯಾರೇಜಿನಿಂದ ಇನ್ಸುಲಿನ್‌ಗೆ 26 ವರ್ಷ! ಬೆಳಗ್ಗೆ ಐದಕ್ಕೆ ಗಲ್ಲದ ಮೇಲೆ ಕುಳಿತು ರಾತ್ರಿ ಹನ್ನೊಂದಕ್ಕೆ ಏಳುವ ನಮ್ಮವರಲ್ಲಿ ಮಧುಮೇಹ ಇಲ್ಲದ ಮನೆ ಹುಡುಕಬೇಕು. ನಮ್ಮ ಪಾಲಿಗೆ ದೀರ್ಘಾಯುಷ್ಯವೆಂದರೆ ನೂರು ವರ್ಷ ಬದುಕುವುದಲ್ಲ, ಇರುವಷ್ಟು ದಿನ ಕಣ್ಣು, ಕಾಲು, ಮೂತ್ರಪಿಂಡ ಉಳಿಯುವುದು.

ಅದೇ 2004ರಲ್ಲಿ ಬಯೋಕಾನ್ 315 ರೂಪಾಯಿಗೆ ಷೇರು ನೀಡಿದಾಗ ಮೂವತ್ತು ಪಟ್ಟಿಗೂ ಮಿಕ್ಕಿ ಅರ್ಜಿಗಳು ಬಂದವು. ನನಗೂ ಕೆಲವು ಷೇರು ಸಿಕ್ಕಿದವು. ಮೊದಲ ವಾರವೇ ಮಾರಿ ಜಾಣನೆಂದುಕೊಂಡೆ. ಆಮೇಲೆ 2008, 2017 ಮತ್ತು 2019ರಲ್ಲಿ ಬೋನಸ್ ಬಂದು ಒಂದು ಷೇರು ಹನ್ನೆರಡಾಯಿತು. ನಡುವೆ ವರ್ಷಗಟ್ಟಲೆ ಬೆಲೆ ಏಳದೆ ಕುಳಿತದ್ದೂ ಉಂಟು. ಕಾದವರಿಗೆ ಲಾಭವಾಯಿತು, ಆದರೆ ಎರಡು ವರ್ಷದಲ್ಲಿ ಅಲ್ಲ.

ಎಲ್ಲ ಕಂಪನಿಗಳೂ ಹೀಗೆ ಗೆಲ್ಲುವುದಿಲ್ಲ. ಮುಪ್ಪಾದ ಜೀವಕೋಶಗಳನ್ನು ತೆಗೆದುಹಾಕುವ ಔಷಧ ಹುಡುಕುತ್ತಿದ್ದ ಅಮೆರಿಕದ ಯೂನಿಟಿ ಬಯೋಟೆಕ್ನಾಲಜಿ 2018ರಲ್ಲಿ ಷೇರುಪೇಟೆಗೆ ಬಂತು. 2020ರಲ್ಲಿ ಅದರ ಮಂಡಿನೋವಿನ ಔಷಧ ಪರೀಕ್ಷೆಯಲ್ಲಿ ಸೋತು ಷೇರು ನೆಲಕಚ್ಚಿತು. 2025ರಲ್ಲಿ ಕಂಪನಿಯೇ ಮುಚ್ಚುವ ಹಂತಕ್ಕೆ ಬಂತು. ಮನುಷ್ಯರ ಮೇಲಿನ ಪರೀಕ್ಷೆಗೆ ತಲಪಿದ ಹತ್ತು ಔಷಧಗಳಲ್ಲಿ ಸುಮಾರು ಒಂಬತ್ತು ಹೀಗೆಯೇ ಬಿದ್ದುಹೋಗುತ್ತವೆ. ಮುಪ್ಪನ್ನೇ ತಡೆಯುವ ಔಷಧವೆಂದು ಮಂಜೂರಾದದ್ದು ಇಂದಿಗೂ ಒಂದೂ ಇಲ್ಲ.

ಹಾಗೆಂದು ಕೆಲಸ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2024ರಲ್ಲಿ 'ಲಾಂಜೆವಿಟಿ ಇಂಡಿಯಾ' ಯೋಜನೆ ಆರಂಭಿಸಿ, ಭಾರತೀಯರ ದೇಹ ಹೇಗೆ ಮುಪ್ಪಾಗುತ್ತದೆಂದು ಅಳೆಯುತ್ತಿದೆ. ನಮ್ಮ ಪೊವಾಯಿಯ ಐಐಟಿಯಿಂದ ಹುಟ್ಟಿದ ಇಮ್ಯುನೋಆಕ್ಟ್ ಕಂಪನಿ, ಟಾಟಾ ಮೆಮೋರಿಯಲ್ ಜೊತೆಗೂಡಿ ರೂಪಿಸಿದ ರಕ್ತ ಕ್ಯಾನ್ಸರ್ ಚಿಕಿತ್ಸೆಗೆ 2023ರಲ್ಲಿ ಮಂಜೂರಾತಿ ಪಡೆಯಿತು. ಹೊಸ ಕಲ್ಪನೆಯಿರುವ ಯುವಕರಿಗೆ ಕೇಂದ್ರ ಸರಕಾರದ ಬೈರಾಕ್ ಸಂಸ್ಥೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ವಿಜ್ಞಾನ ಓದುವ ನಮ್ಮ ಮಕ್ಕಳಿಗೆ ಸಂಘಗಳು ಸನ್ಮಾನದ ಜೊತೆಗೆ ಈ ಮಾಹಿತಿಯನ್ನೂ ಕೊಟ್ಟರೆ ಲೇಸು.

ಹಣ ಹಾಕುವವರಿಗೆ ಮೂರು ಮಾತು. ಔಷಧ ಯಾವ ಹಂತದ ಪರೀಕ್ಷೆಯಲ್ಲಿದೆ ಎಂದು ಕೇಳಿ. ಪಟ್ಟಿಯಾಗದ ಷೇರನ್ನು ಬೇಕೆಂದಾಗ ಮಾರಲಾಗದು, ಹತ್ತು ವರ್ಷ ಮರೆಯಬಹುದಾದ ಹಣವಿದ್ದರೆ ಮಾತ್ರ ಹಾಕಿ. 'ಖಾತ್ರಿ' ಎಂದವರಿಂದ ದೂರವಿರಿ.

ಅಂದು ಆ ಹಿರಿಯರ ಸಕ್ಕರೆ 260 ಇತ್ತು. "ಮೊದಲು ಸಂಜೆ ನಡೆಯಲು ಸುರು ಮಾಡಿ ಅಣ್ಣ, ಷೇರು ಆಮೇಲೆ ನೋಡುವ" ಎಂದೆ. ನಕ್ಕರು. ಮೊನ್ನೆ ರೈಲು ನಿಲ್ದಾಣದ ಬಳಿ ಸಿಕ್ಕಿದಾಗ ಅವರು ನಡೆಯುತ್ತಿದ್ದರು.