ತಾರಸಿಯ ಸೌರವಿದ್ಯುತ್ತು ಮತ್ತು ಗೃಹವೆಚ್ಚದ ಲೆಕ್ಕ

ಮೈಸೂರು ಸಂಸ್ಥಾನದಲ್ಲಿ ವಿದ್ಯುಚ್ಛಕ್ತಿಯ ಚರಿತ್ರೆಯು ಮನೆಯಿಂದ ಆರಂಭವಾದುದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು 1905ರಲ್ಲಿ. ಉತ್ಪಾದನೆ ಒಂದೆಡೆ, ಬಳಕೆ ಮತ್ತೊಂದೆಡೆ, ನಡುವೆ ತಂತಿ. ಈ ಏರ್ಪಾಟಿನಲ್ಲಿ ಗೃಹಸ್ಥನು ಬಹುಕಾಲ ಕೇವಲ ಕೊಳ್ಳುವವನಾಗಿದ್ದನು. ತಾರಸಿಯ ಮೇಲಿನ ಸೌರಫಲಕವು ಅವನನ್ನು ಉತ್ಪಾದಕನನ್ನಾಗಿಯೂ ಮಾಡಿದೆ. ಇದರಿಂದ ಮನೆಯ ವೆಚ್ಚವು ನಿಜವಾಗಿ ಇಳಿಯುವುದೇ, ಇಳಿಯುವುದಾದರೆ ಯಾರಿಗೆ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಬೆಳಕಿನಿಂದ ವಿದ್ಯುತ್ತು ಹುಟ್ಟಬಲ್ಲುದೆಂಬುದನ್ನು ಫ್ರಾನ್ಸಿನ ಬೆಕೆರೆಲ್ 1839ರಲ್ಲಿಯೇ ಕಂಡಿದ್ದನು. ಉಪಯೋಗಕ್ಕೆ ಬರುವಂಥ ಸಿಲಿಕಾನ್ ಕೋಶವು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸಿದ್ಧವಾದುದು 1954ರಲ್ಲಿ. ಅದು ಬಿದ್ದ ಬಿಸಿಲಿನಲ್ಲಿ ಸುಮಾರು ನೂರಕ್ಕೆ ಆರು ಪಾಲನ್ನು ವಿದ್ಯುತ್ತಾಗಿಸುತ್ತಿತ್ತು. ಇಂದಿನ ಫಲಕಗಳು ಸುಮಾರು ಇಪ್ಪತ್ತು ಪಾಲನ್ನು ಆಗಿಸುತ್ತವೆ.

ಇನ್ನು ಲೆಕ್ಕ. ನಮ್ಮ ನಾಡಿನ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕವು ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ಟಿನ ಆಸುಪಾಸು ಕೊಡುವುದು. ಅದಕ್ಕೆ ಸುಮಾರು ನೂರು ಚದರಡಿ ತಾರಸಿ ಬೇಕು. ಎರಡು ಕಿಲೋವ್ಯಾಟಿಗೆ ತಿಂಗಳಿಗೆ 240 ಯೂನಿಟ್ಟು. ಯೂನಿಟ್ಟಿಗೆ ಆರು ರೂಪಾಯಿಯಂತೆ ಎಣಿಸಿದರೆ ಉಳಿತಾಯವು ತಿಂಗಳಿಗೆ 1,440 ರೂಪಾಯಿ, ವರ್ಷಕ್ಕೆ 17,280. ಅಳವಡಿಕೆಯ ಖರ್ಚನ್ನು 1,20,000 ಎಂದಿಟ್ಟುಕೊಳ್ಳೋಣ. ಕೇಂದ್ರ ಸರ್ಕಾರವು 2024ರಲ್ಲಿ ಆರಂಭಿಸಿದ ಸೂರ್ಯಘರ್ ಯೋಜನೆಯಂತೆ ಎರಡು ಕಿಲೋವ್ಯಾಟಿನ ಸಹಾಯಧನ 60,000. ಮಿಕ್ಕ ಅರವತ್ತು ಸಾವಿರವು ಮೂರೂವರೆ ವರ್ಷದಲ್ಲಿ ಹಿಂದಿರುಗುವಂತೆ ತೋರುತ್ತದೆ. ಮಾರುವವರು ಸಾಮಾನ್ಯವಾಗಿ ಇಲ್ಲಿಗೆ ಲೆಕ್ಕವನ್ನು ನಿಲ್ಲಿಸುತ್ತಾರೆ, ನಾವು ನಿಲ್ಲಿಸುವಂತಿಲ್ಲ.

ಏಕೆಂದರೆ ಸೂರ್ಯನು ಕೊಡುವುದು ಹಗಲಿನಲ್ಲಿ, ಮನೆಯು ಹೆಚ್ಚಾಗಿ ಬಳಸುವುದು ಸಂಜೆಯ ಮೇಲೆ. ಹಗಲಿನ ಹೆಚ್ಚುವರಿ ವಿದ್ಯುತ್ತು ಕಂಪನಿಯ ತಂತಿಗೆ ಹೋಗುತ್ತದೆ, ರಾತ್ರಿ ಅಲ್ಲಿಂದಲೇ ಮರಳಿ ಬರುತ್ತದೆ. ಎರಡು ದಿಕ್ಕಿನ ಮೀಟರು ಹೋದುದನ್ನೂ ಬಂದುದನ್ನೂ ಬರೆದಿಡುವುದು. ತಿಂಗಳ ಕೊನೆಗೆ ವ್ಯತ್ಯಾಸಕ್ಕಷ್ಟೇ ಹಣ. ಬಿಲ್ಲಿನಲ್ಲಿರುವ ನಿಗದಿತ ಶುಲ್ಕವು ಮಾತ್ರ ಇದರಿಂದ ಕರಗುವುದಿಲ್ಲ. ಮನೆಯ ಬಳಕೆಯನ್ನು ಮೀರಿ ಕೊಟ್ಟ ಯೂನಿಟ್ಟಿನ ಬೆಲೆಯು ಆಯಾ ಕಾಲದ ಆಜ್ಞೆಯನ್ನು ಅವಲಂಬಿಸಿರುತ್ತದೆ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರಲ್ಲಿ, ಸಹಾಯಧನ ಪಡೆಯದ ತಾರಸಿ ಘಟಕಗಳಿಗೆ, ಯೂನಿಟ್ಟಿಗೆ 9.56 ರೂಪಾಯಿ ಗೊತ್ತುಪಡಿಸಿತು. ಅದು ಆಗಿನ ಗೃಹಬಳಕೆಯ ದರಕ್ಕಿಂತ ಮೇಲು. ಆದುದರಿಂದ ದೊಡ್ಡ ಘಟಕವನ್ನು ಹಾಕಿದವನೇ ಜಾಣನೆನಿಸಿದನು. ಮುಂದಿನ ಆಜ್ಞೆಗಳಲ್ಲಿ ದರವು ಇಳಿಯಿತು. ಇಂದು ತನ್ನ ಬಳಕೆಗೆ ತಕ್ಕಷ್ಟೇ ಹಾಕುವುದು ಲಾಭಕರ. ಬಿಸಿಲು ಬದಲಾಗಲಿಲ್ಲ, ಸರ್ಕಾರದ ಕಾಗದವು ಬದಲಾಯಿತು.

ಇದಕ್ಕಿಂತ ಗಹನವಾದ ಸಂಗತಿ ಮತ್ತೊಂದುಂಟು. ರಾಜ್ಯದ ಗೃಹಜ್ಯೋತಿ ಯೋಜನೆಯು 2023ರಲ್ಲಿ ಜಾರಿಗೆ ಬಂದಿತು. ಹಿಂದಿನ ಸರಾಸರಿಗೆ ತುಸು ಸೇರಿಸಿ ಗೊತ್ತುಮಾಡಿದ, 200 ಯೂನಿಟ್ಟನ್ನು ಮೀರದ ಮಿತಿಯೊಳಗೆ ಬಳಸುವ ಮನೆಗೆ ಬಿಲ್ಲು ಸೊನ್ನೆ. ಸೊನ್ನೆಯಿಂದ ಕಳೆಯುವುದೇನು? ಇಂಥ ಕುಟುಂಬವು ಸಾಲಮಾಡಿ ಫಲಕ ಹಾಕಿಸಿದರೆ ಬಡ್ಡಿಯಷ್ಟೇ ನಷ್ಟವಾದೀತು. ಮೇಲಿನ ಮೂರೂವರೆ ವರ್ಷದ ಲೆಕ್ಕವು ತಿಂಗಳಿಗೆ ಮುನ್ನೂರು ಯೂನಿಟ್ಟನ್ನೋ ಅದಕ್ಕೂ ಹೆಚ್ಚನ್ನೋ ಬಳಸುವ, ಸ್ವಂತ ತಾರಸಿಯುಳ್ಳ ಗೃಹಸ್ಥನದು. ಬಾಡಿಗೆದಾರನೂ ಅಪಾರ್ಟ್‌ಮೆಂಟಿನ ಕೆಳಮಹಡಿಯವನೂ ಇದರಲ್ಲಿ ಸೇರರು. ಒಂದೇ ಬೀದಿಯ ಎರಡು ಮನೆಗಳಿಗೆ ಒಂದೇ ಸಲಹೆಯನ್ನು ಕೊಡುವುದು ತಪ್ಪೆಂದು ನಮ್ಮ ಅಭಿಪ್ರಾಯ.

ಕೊಳ್ಳುವವರು ತಿಳಿಯದೆ ಪೇಚಾಡುವ ಅಂಶಗಳೂ ಕೆಲವುಂಟು. ತೆಂಗಿನ ಒಂದು ಗರಿಯ ನೆರಳು ಬಿದ್ದರೂ, ಸರಣಿಯಾಗಿ ಜೋಡಿಸಿದ ಫಲಕಗಳ ಉತ್ಪತ್ತಿಯು ಗಣನೀಯವಾಗಿ ಕುಗ್ಗಬಹುದು. ಫಲಕಕ್ಕೆ ಬೇಕಾದುದು ಬೆಳಕು, ಕಾವಲ್ಲ. ಸಿಲಿಕಾನು ಬಿಸಿಯಾದಷ್ಟೂ ಅದರ ಶಕ್ತಿ ಇಳಿಯುವುದರಿಂದ ಕಲಬುರಗಿಯ ಬೇಸಗೆಯು ನಾವೆಣಿಸಿದಷ್ಟು ಅನುಕೂಲವಲ್ಲ. ಕಂಪನಿಯ ವಿದ್ಯುತ್ತು ಹೋದರೆ, ಬ್ಯಾಟರಿಯಿಲ್ಲದ ಸಾಮಾನ್ಯ ಘಟಕವು ನಡುಹಗಲಿನಲ್ಲಿಯೂ ತಾನಾಗಿ ನಿಂತುಬಿಡುತ್ತದೆ. ದೋಷವೆಂದು ದೂರು ಕೊಡಹೊರಡುವವರುಂಟು. ಕಂಬದ ಮೇಲೆ ದುರಸ್ತಿಗೆ ನಿಂತ ಲೈನ್‌ಮನ್ನನಿಗೆ ನಮ್ಮ ಮನೆಯ ವಿದ್ಯುತ್ತು ತಗುಲದಿರಲೆಂದೇ ಹಾಗೆ ಮಾಡಿದೆ.